ಮಿಸರಿನ ಹೆಣ್ಣಿಗೆ ಹಳ್ಳದ ಗಂಡು

ಹೊನ್ನಾಳಿ ಬಸ್ ಸ್ಟ್ಯಾಂಡಿನಲ್ಲಿ ಕೆಡದೇ ಇದ್ದ ಬಸ್ಸನ್ನು ಮೂವತ್ತು ಜನರಿಂದ ತಳ್ಳಿಸಿದವನು ನಾನು. ಡ್ರೈವರು ನನ್ನ ಜೊತೆ ಓದಿದವನು, ಒಂದು ಬೀಡಿಗೆ ಒಪ್ಪಿಕೊಂಡ. ನ್ಯಾಮತಿ ಸಂತೆಯಲ್ಲಿ ಮೀಸೆಗೆ ತೆರಿಗೆ ಬರುತ್ತದಂತೆ ಎಂದು ಒಬ್ಬನೇ ಒಬ್ಬನ ಕಿವಿಯಲ್ಲಿ ಪಿಸುಗುಟ್ಟಿ, ಸಂತೆ ಮುಗಿಯುವಷ್ಟರಲ್ಲಿ ಹನ್ನೊಂದು ಮೀಸೆ ಬೋಳಿಸಿದವನೂ ನಾನೇ. ಈಗ ಮಂಡಿ ಮಡಚುವುದಿಲ್ಲ, ಒಂದು ಕಣ್ಣಿಗೆ ಪೊರೆ ಬಂದಿದೆ, ಆದರೂ ಕೈ ಸುಮ್ಮನಿರುವುದಿಲ್ಲ ಎಂದು ಮನೆಯಾಕೆ ದಿನಾ ಬೈಯುತ್ತಾಳೆ.

ಇಷ್ಟು ಜಂಬ ಯಾಕೆ ಕೊಚ್ಚಿಕೊಂಡೆ ಎಂದರೆ, ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕೂ ಸೀಮೆಯಲ್ಲಿ ನನ್ನ ಕೈಗೆ ಸಿಕ್ಕಿಯೂ ಮೋಸ ಹೋಗದೆ ಉಳಿದವರು ಒಬ್ಬರೇ ಒಬ್ಬರು. ಅವರ ಹೆಸರು ಬರೆಯುವುದಿಲ್ಲ. ಊರವರು ‘ಮಿಸರ್ ಚಾಚಾ’ ಎನ್ನುತ್ತಿದ್ದರು. ಉರ್ದುವಿನಲ್ಲಿ ಈಜಿಪ್ಟಿಗೆ ಮಿಸರ್ ಅಂತಾರಲ್ಲ, ಅದು. ಎದುರಿಗೆ ಹಾಗೆ ಕರೆಯುತ್ತಿದ್ದರು. ಬೆನ್ನ ಹಿಂದೆ ‘ಮಿಸರ್ ಸುಳ್ಳಪ್ಪ’ ಎನ್ನುತ್ತಿದ್ದರು. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಅವರು ತೀರಿಕೊಂಡ ಸುದ್ದಿ ಹೊತ್ತ ಕಾರ್ಡು ಆಗ ನಾನು ಮೇಷ್ಟರಾಗಿದ್ದ ಉಬ್ರಾಣಿ ಶಾಲೆಯ ವಿಳಾಸಕ್ಕೆ ಬಂತು. ಮಣ್ಣಾಗಿ ಹತ್ತು ದಿನವಾಗಿತ್ತು. ಅವತ್ತಿನಿಂದ ಬರೆಯಬೇಕು, ಬರೆಯಬೇಕು ಎಂದುಕೊಂಡು ಇಷ್ಟು ವರ್ಷ ಕಳೆದೆ. ನಾನು ಮಾಡಿದ ಒಂದು ಘನಕಾರ್ಯ ಬರೆಯದೆ ಅವರ ಬಗ್ಗೆ ಬರೆಯಲು ಬರುವುದಿಲ್ಲ, ಅದಕ್ಕೇ ತಡ.

ಎಪ್ಪತ್ತರ ದಶಕದ ನಡುವೆ ನಾನು ಹೊಸ ಮೇಷ್ಟರು. ನ್ಯಾಮತಿ ಕಡೆಯ ಹಸುರಿನಲ್ಲಿ ಬೆಳೆದವನನ್ನು ಎತ್ತಿ ಜಗಳೂರು ತಾಲ್ಲೂಕಿನ ಸೊಕ್ಕೆಯ ಆಚೆ ಒಂದು ಸಣ್ಣ ಹಳ್ಳಿಗೆ ಹಾಕಿದರು. ಬಸ್ಸಿಳಿದು ನೋಡಿದರೆ ಬೇವು, ಜಾಲಿ, ಮತ್ತೆ ಬೇವು. ಆ ಬಯಲಿನ ನಡುವೆ, ಒಂದು ಬಾವಿಯ ದಂಡೆಯ ಮೇಲೆ, ಎರಡು ಮರ ಬೇರೆಯೇ ಥರ ನಿಂತಿದ್ದವು. ಒಂದು ಮನೆ ಎತ್ತರ ದಾಟಿದ್ದು, ಇನ್ನೊಂದು ನನ್ನಷ್ಟೆತ್ತರದ ಮೋಟು. ಈಚಲು ಎಂದುಕೊಂಡೆ. ಬಾವಿಯಿಂದ ನೀರು ಸೇದುತ್ತಿದ್ದ ಖಾಕಿ ಕೋಟಿನ ಉದ್ದನೆಯ ಮನುಷ್ಯ ಹಗ್ಗ ಬಿಟ್ಟು ನನ್ನನ್ನು ನೋಡಿದರು.

“ಈಚಲು ಅನ್ಕೊಂಡ್ರಿ, ಹೌದಲ್ರೀ?”

“ಹೌದು.”

“ಎಲ್ಲರೂ ಅನ್ಕೊಂತಾರೆ. ಅದು ಖರ್ಜೂರ. ಮಿಸರಿಂದು. ನೀವೇನು ಹೊಸಾ ಮೇಷ್ಟ್ರಾ? ಮನಿ ಸಿಕ್ತಾ? ಸಿಕ್ಕಿಲ್ಲಾಂದ್ರೆ ನಮ್ಮ ಮುಂದಿನ ಖೋಲಿ ಖಾಲಿ ಐತೆ ನೋಡ್ರಿ.”

ಹೀಗೆ ನಾನು ಅವರ ಬಾಡಿಗೆದಾರನಾದೆ. ಮನೆಯಲ್ಲಿ ಚಾಚಾ ಮತ್ತು ಅವರ ಕಿರಿಯ ಮಗಳು, ಇಬ್ಬರೇ. ಹೆಂಡತಿ ಹೋಗಿ ಬಹಳ ವರ್ಷವಾಗಿತ್ತು. ದೊಡ್ಡ ಮಗಳು ಗಂಡನ ಮನೆಯಲ್ಲಿದ್ದಳು. ಅವರದು ಹತ್ತಿ ಹಿಂಜಿ ಹಾಸಿಗೆ ಹೊಲಿಯುವ ಕಸುಬು, ಮನೆಯಲ್ಲಿ ಆಡುವುದು ಕನ್ನಡವೇ. ಚಳಿಗಾಲದಲ್ಲಿ ಹಿಂಜುವ ಬಿಲ್ಲು ಹೆಗಲಿಗೆ ಹಾಕಿಕೊಂಡು ಊರೂರು ತಿರುಗುತ್ತಿದ್ದರು. ಮಳೆ ಬಂದರೆ ಬಾವಿಯ ಪಕ್ಕದ ತುಂಡು ಹೊಲದಲ್ಲಿ ಸಜ್ಜೆ, ಹುರುಳಿ.

ಎರಡನೇ ಮಹಾಯುದ್ಧದ ಹೊತ್ತಿಗೆ ಅವರು ಸೈನ್ಯದಲ್ಲಿ ಹೇಸರಗತ್ತೆ ನೋಡಿಕೊಳ್ಳುವ ಕೆಲಸಕ್ಕೆ ಸೇರಿ ಈಜಿಪ್ಟಿಗೆ ಹೋಗಿದ್ದರು. ಬಂದೂಕು ಹಿಡಿದದ್ದು ಕಡಿಮೆ. ಕತ್ತೆಗಳಿಗೆ ಹಸಿಮೇವು ತರಲು ಹತ್ತಿರದ ಒಂದು ಹಳ್ಳಿಗೆ ದಿನಾ ಹೋಗಬೇಕು, ಅದೇ ಅವರ ಯುದ್ಧ. ಒಂದು ವರ್ಷ ಪೂರ್ತಿ ಹಾಗೆ ಹೋಗಿ ಬಂದರು. ಮೇವು ಕೊಡುವ ರೈತನ ದೋಸ್ತಿ ಆಯಿತು. ಇವರಿಗೆ ಅವನ ಮಾತು ಬಾರದು, ಅವನಿಗೆ ಇವರದು ಬಾರದು. “ಮತ್ತೆ ಹೆಂಗೆ ಮಾತಾಡ್ತಿದ್ರಿ?” ಎಂದರೆ, “ಇಬ್ರೂ ರೈತ್ರು, ಮಾತೇನ್ ಬೇಕು? ಮರ ತೋರಿಸ್ತಿದ್ದ, ಮಣ್ಣು ತೋರಿಸ್ತಿದ್ದ. ನಾನೂ ತೋರಿಸ್ತಿದ್ದೆ” ಎನ್ನುತ್ತಿದ್ದರು.

ಆ ಒಂದು ವರ್ಷ ಅವರೊಳಗೆ ಮೂವತ್ತು ವರ್ಷ ಸುತ್ತುತ್ತಲೇ ಇತ್ತು. ಚಾಚಾನ ಮನೆಯಲ್ಲಿ ಎರಡು ಪಂಚಾಂಗ ಎಂದು ನಾನು ತಮಾಷೆ ಮಾಡುತ್ತಿದ್ದೆ. ನಮ್ಮಲ್ಲಿ ಸಂಕ್ರಾಂತಿಯ ಚಳಿಗೆ ಎಲ್ಲರೂ ಕಂಬಳಿ ಹೊದ್ದು ಕೂತಿದ್ದರೆ ಅವರು ಕಣ್ಣಿಗೆ ಕೈ ಅಡ್ಡ ಹಿಡಿದು ಪಡುವಣಕ್ಕೆ ನೋಡುವರು. “ಅಲ್ಲೀಗ ಬರ್ಸೀಮ್ ಮೇವಿನ ಸೊಪ್ಪು ಮೊಣಕಾಲುಮಟ ಬಂದಿರ್ತೈತೆ. ಕೊಯ್ದಷ್ಟೂ ಬರ್ತೈತೆ.” ಶಿವರಾತ್ರಿ ಕಳೆದು ಬಿಸಿಲೇರಿದರೆ, “ಅಲ್ಲೀಗ ಧೂಳಿನ ಗಾಳಿ ಸುರು. ಐವತ್ತು ದಿನ. ರೊಟ್ಟಿಯಾಗೆ ಮರಳು, ಕಣ್ಣಾಗೆ ಮರಳು. ಹಿಪ್ಪುನೇರಳೆ ಮರದಾಗೆ ಮಾತ್ರ ಹಣ್ಣು ಹಣ್ಣು.” ಯುಗಾದಿ ಕಳೆದ ಮೇಲೆ ಅಲ್ಲಿ ಗೋಧಿ ಕೊಯ್ಲು. ಶ್ರಾವಣದಲ್ಲಿ ಹೊಳೆ ಕೆಂಪಗೆ ಉಕ್ಕಿ ಹೊಲದ ಮೇಲೆ ಬಂದು ಮಲಗುವುದು. ಮಹಾನವಮಿಯ ಹೊತ್ತಿಗೆ ಹತ್ತಿ ಬಿಡಿಸುವುದು, ಖರ್ಜೂರ ಇಳಿಸುವುದು. ಅಲ್ಲಿಯ ಹೊಳೆದಂಡೆಯ ಜಾಲಿ ನಮ್ಮ ಕರಿಜಾಲಿಯೇ ಅಂತೆ. ಕಣ್ಣು ಕಟ್ಟಿದ ಎಮ್ಮೆ ನೀರೆತ್ತುವ ಚಕ್ರ ತಿರುಗಿಸುತ್ತದಂತೆ, ಅದಕ್ಕೆ ನೆರಳಾಗಿ ಒಂದು ದೊಡ್ಡ ಅತ್ತಿಮರವಂತೆ. ಆ ಅತ್ತಿಕಾಯಿಗೆ ಒಂದೊಂದಕ್ಕೂ ಚಾಕುವಿನಿಂದ ಗೀರು ಹಾಕಿದರೆ ಮೂರೇ ದಿನಕ್ಕೆ ಜೇನಿನಂಥ ಹಣ್ಣಂತೆ.

ಕೊನೆಯದನ್ನು ಅವರು ನಮ್ಮ ಹಳ್ಳದ ಅತ್ತಿಮರದ ಮೇಲೂ ಪ್ರಯೋಗ ಮಾಡಿದ್ದರು. ಇಡೀ ದಿನ ಏಣಿ ಹಾಕಿಕೊಂಡು ಗೀರು ಹಾಕಿದ್ದೇ ಹಾಕಿದ್ದು. ಮೂರು ದಿನಕ್ಕೆ ಕಾಯಿಗಳೆಲ್ಲ ಕಪ್ಪಗಾಗಿ ಉದುರಿದವು, ಒಳಗೆ ಬರೀ ಹುಳ. ಹೋಟೆಲಿನ ಬಸಣ್ಣನಿಗೆ ಒಂದು ವರ್ಷಕ್ಕಾಗುವಷ್ಟು ಮಾತು ಸಿಕ್ಕಿತು.

“ಚಾಚಾ, ಮಿಸರಿನ ಜೇನು ಒಂದ್ ಲೋಟ ಕೊಡ್ರಿ, ಚಾಕ್ಕೆ ಹಾಕ್ಬೇಕು.”

“ಹುಳಾ ತೆಗೆದ್ ಕೊಡ್ಲೋ, ಹಂಗೇ ಕೊಡ್ಲೋ? ನಿನ್ ಚಾದಾಗೆ ಅವೂ ಇದ್ರೆ ರುಚಿ ಹೆಚ್ಚು” ಎಂದು ಚಾಚಾ.

ನಗುವುದು ಅವರಿಗೂ ಬರುತ್ತಿತ್ತು. ಆದರೆ ಒಂದು ದಿನ ಅವರು, ಮಿಸರಿನವರು ನಮ್ಮ ಹುಣಸೆಹಣ್ಣನ್ನು ನೀರಲ್ಲಿ ಕಿವುಚಿ ಸಕ್ಕರೆ ಹಾಕಿ ಶರಬತ್ತಿನ ಹಾಗೆ ಕುಡಿಯುತ್ತಾರೆ, ಅದನ್ನು ಹಿಂದೂಸ್ತಾನದ ಖರ್ಜೂರ ಅಂತಾರೆ ಎಂದಾಗ ಹೋಟೆಲಿನ ಬೆಂಚೆಲ್ಲ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಾನೇ ನಕ್ಕೆ. ಬಹಳ ವರ್ಷದ ಮೇಲೆ ತಿಳಿದವರನ್ನು ಕೇಳಿದೆ. ಅದು ಅಕ್ಷರಶಃ ನಿಜ.

ನಾನು ಸುಮ್ಮನಿರುವ ಪೈಕಿಯೇ? ಒಂದು ಸಲ ಆ ಮಿಸರಿನ ಗೆಳೆಯ ಬರೆದಂತೆ ಒಂದು ಪತ್ರ ತಯಾರು ಮಾಡಿದೆ. ಬಲದಿಂದ ಎಡಕ್ಕೆ ಏನೇನೋ ಗೀಚಿ, ಮೇಲೊಂದು ಒಂಟೆ ಬರೆದು, ಹಳೇ ಲಕೋಟೆಯಲ್ಲಿಟ್ಟು ಪೋಸ್ಟಿನವನ ಕೈಯಲ್ಲೇ ಕೊಡಿಸಿದೆ. ಚಾಚಾ ಬಾಗಿಲಲ್ಲೇ ಬಿಚ್ಚಿ ನೋಡಿದರು. ತಿರುಗಿಸಿ ನೋಡಿದರು. ಆಮೇಲೆ ನೇರ ನನ್ನ ಖೋಲಿಗೆ ಬಂದರು.

“ಮೇಷ್ಟ್ರೇ, ಆತಗೆ ಬರೆಯಾಕೆ ಬರ್ತಿರ್ಲಿಲ್ರೀ.”

ನಾನು ಏನೂ ಗೊತ್ತಿಲ್ಲದವನ ಹಾಗೆ ಮುಖ ಮಾಡಿದೆ.

“ಹೆಬ್ಬೆಟ್ಟು ಆತ. ಅವರೂರಾಗೆ ಒಂಟೆನೂ ಇರ್ಲಿಲ್ಲ, ಕತ್ತೆ ಇದ್ವು.” ಪತ್ರವನ್ನು ನೀಟಾಗಿ ಮಡಚಿ ಕೋಟಿನ ಜೇಬಿಗಿಟ್ಟುಕೊಂಡರು. “ಇರ್ಲಿ ಬಿಡ್ರಿ. ಆತನ್ನ ಯಾರೂ ನೆನೆಸಂಗಿಲ್ಲ. ನೀವು ಒಂದ್ ಹಾಳೆ ತುಂಬಾ ನೆನೆಸೀರಿ.”

ನಲವತ್ತು ವರ್ಷದ ಕೀಟಲೆಯಲ್ಲಿ ನನಗೆ ಅಂಥ ಏಟು ಬಿದ್ದಿಲ್ಲ.

ಆ ದೇಶದಲ್ಲಿ ಹೊಳೆಗೆ ದೊಡ್ಡ ಅಣೆಕಟ್ಟು ಕಟ್ಟಿದ್ದಾರೆ, ಈಗ ನೆರೆ ಬರುವುದೇ ಇಲ್ಲ ಎಂದು ನಾನು ಒಂದು ಹಳೆಯ ಪೇಪರಿನಲ್ಲಿದ್ದುದನ್ನು ಓದಿ ಹೇಳಿದ ದಿನ ಅವರು ಸಜ್ಜೆ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟರು. “ನೀರು ಬರ್ಲಿಲ್ಲಾಂದ್ರೆ ಗೋಡು ಮಣ್ಣು ಎಲ್ಲಿಂದ ಬರ್ತೈತ್ರೀ? ಆತನ ಹೊಲಕ್ಕೆ ಆ ಹೊಳಿ ಗೋಡೇ ಗೊಬ್ಬರ.” ಸ್ವಲ್ಪ ಹೊತ್ತಿನ ಮೇಲೆ, “ಪಾರಿವಾಳದ ಗೊಬ್ಬರ ಐತೆ ಬಿಡು ಆತಗೆ” ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಅಲ್ಲಿ ಮಣ್ಣಿನ ಗೋಪುರ ಕಟ್ಟಿ ಪಾರಿವಾಳ ಸಾಕುತ್ತಾರಂತೆ. ಇವರೂ ಮನೆಯ ಮಾಳಿಗೆಯ ಮೇಲೆ ಹಳೇ ಮಡಕೆಗಳನ್ನು ಅಡ್ಡಡ್ಡ ಜೋಡಿಸಿ ಮಣ್ಣು ಮೆತ್ತಿ ಒಂದು ಗೋಪುರ ಕಟ್ಟಿದ್ದರು. ಅದರ ಗೊಬ್ಬರವೆಲ್ಲ ಆ ಎರಡು ಮರಕ್ಕೆ.

ಈಗ ಮರದ ಮಾತು. ಮಿಸರಿನಿಂದ ತಂದ ಬೀಜದಲ್ಲಿ ಬದುಕಿದ್ದು ಒಂದೇ, ಆ ಎತ್ತರದ ಮರ. ಅದು ಹೆಣ್ಣು. ಖರ್ಜೂರದಲ್ಲಿ ಹೆಣ್ಣು ಮರ ಬೇರೆ, ಗಂಡು ಮರ ಬೇರೆ. ಗಂಡಿನ ಹೂವನ್ನು ಕೊಯ್ದು, ಹೆಣ್ಣಿನ ಹೂಗೊನೆ ಒಡೆದಾಗ ಮನುಷ್ಯನೇ ಹತ್ತಿ ಅದರೊಳಗೆ ಇಟ್ಟು ಕಟ್ಟಬೇಕು, ಅಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ. ಚಾಚಾನ ಹತ್ತಿರ ಗಂಡೇ ಇರಲಿಲ್ಲ. ವರ್ಷವೂ ಹೆಣ್ಣು ಹೂ ಬಿಡುವುದು, ಗೋಲಿಯಷ್ಟೂ ಆಗದ ಕಾಯಿ ಉದುರಿಸುವುದು, ಬಸಣ್ಣ ನಗುವುದು. ದಾವಣಗೆರೆಯಿಂದ ತಂದು ತಿಂದ ಖರ್ಜೂರದ ಬೀಜವನ್ನೆಲ್ಲ ಅವರು ಹೂಳುತ್ತಲೇ ಇದ್ದರು, ಆಡು ತಿನ್ನುತ್ತಲೇ ಇದ್ದವು. ಕಡೆಗೆ ಒಂದು ಉಳಿಯಿತು, ಆ ಮೋಟು ಮರ. ಅದು ಗಂಡೋ ಹೆಣ್ಣೋ ಹೂ ಬಿಡುವವರೆಗೆ ಯಾರಿಗೂ ತಿಳಿಯುವುದಿಲ್ಲ.

ನಾನು ಅಲ್ಲಿಗೆ ಹೋಗಿ ನಾಲ್ಕೈದು ವರ್ಷವಾಗಿತ್ತು. ಆ ಚಳಿಗಾಲ ಮಗಳಿಗೆ ಸಂಬಂಧ ಬಂತು. ಹುಡುಗ ಕೆರೆಬಿಳಚಿಯವನು, ಸೈಕಲ್ ಶಾಪು ಇಟ್ಟಿದ್ದ. ಅವನ ಸೋದರಮಾವ ಮಾತುಕತೆಗೆ ಬಂದರು. ರಂಜಾನ್ ತಿಂಗಳಿಗೆ ಮುಂಚೆ, ಮಳೆಗಾಲ ಹಿಡಿಯುವ ಹೊತ್ತಿಗೆ ನಿಕಾ ಎಂದು ನಿಶ್ಚಯವಾಯಿತು. ನಿಕಾ ಆದ ಕೂಡಲೇ ಬಂದವರಿಗೆಲ್ಲ ಖರ್ಜೂರ ಹಂಚುವ ಪದ್ಧತಿ. ಅದೇ ವಾರ ಮೋಟು ಮರದ ಸುಳಿಯಲ್ಲಿ ಮೂರು ಮೊಗ್ಗು ತಲೆಯೆತ್ತಿದ್ದವು, ಅವುಗಳ ಆಕಾರ ನೋಡಿಯೇ ಮೂರೂ ಗಂಡು ಎಂದು ಗುರುತು ಹಿಡಿದಿದ್ದರು. ಚಾಚಾಗೆ ತಡೆಯಲಾಗಲಿಲ್ಲ.

“ನಿಕಾದಾಗೆ ಹಂಚೋದು ಅಂಗಡಿ ಖರ್ಜೂರ ಅಲ್ರೀ. ನಮ್ ಮರದ್ದು.”

ಮಾವ ಚಾ ಬಟ್ಟಲು ಕೆಳಗಿಟ್ಟರು. “ಜಗಳೂರಾಗೆ ಖರ್ಜೂರ? ಮೊದ್ಲು ಕುಡಿಯಾಕೆ ನೀರೈತೇನ್ರಿ?” ಅವರ ಕಡೆಯವರೆಲ್ಲ ನಕ್ಕರು.

“ನೀರೂ ಐತೆ, ಮಾತೂ ಐತೆ” ಎಂದರು ಚಾಚಾ. “ನನ್ ಮಾತು ಸುಳ್ಳಾದ್ರೆ ನಿಕಾದ ದಿವಸ ಎಲ್ಲರ ಮುಂದೆ ಕೇಳ್ರಿ.”

ಅವರು ಹೋದ ಮೇಲೆ ಮಗಳು ಒಳಗಿಂದ ಪಾತ್ರೆ ಕುಕ್ಕಿದ ಸದ್ದು. “ಯಾಕ್ ಹೇಳಾಕೆ ಹೋದಿ ಅಪ್ಪಾ? ಇಲ್ಲೇ ಸಾಲಿಯಾಗೆ ಏಳು ವರ್ಷ ಸುಳ್ಳಪ್ಪನ ಮಗಳು ಅನ್ನಿಸ್ಕೊಂಡೀನಿ. ಇನ್ನು ಕೆರೆಬಿಳಚಿಯಾಗೂ ಅನ್ನಿಸ್ಕಳ್ಳಾ?”

“ಈ ಸರ್ತಿ ಗಂಡು ಐತವ್ವಾ” ಎಂದರು ಅವರು, ಮೆಲ್ಲಗೆ. ನಾನು ಗೋಡೆಯಾಚೆ ಎಲ್ಲ ಕೇಳುತ್ತಿದ್ದೆ. ಕೇಳಿಯೂ ಏನು ಮಾಡಿದೆ ನೋಡಿ.

ಜನವರಿ ಇಪ್ಪತ್ತಾರು ಬಂತು. ಶಾಲೆಯ ಧ್ವಜಕಟ್ಟೆಯ ಅಲಂಕಾರ ನನ್ನ ಪಾಲಿನದು. ಹಿಂದಿನ ಸಂಜೆ ಬಾವಿಯ ಕಡೆಯಿಂದ ಬರುವಾಗ ಆ ಮೋಟು ಮರ ಕಂಡಿತು. ಮೂರೂ ಗೊನೆಯ ಹಾಳೆ ಬಿರಿದು, ಒಳಗಿಂದ ಕೆನೆಬಣ್ಣದ ಎಸಳು ಎಸಳು ಹೊರಗೆ ಇಣುಕುತ್ತಿದ್ದವು. ಥೇಟ್ ನಮ್ಮ ಕಡೆಯ ಹೊಂಬಾಳೆ! ಅಡಿಕೆಯ ಹೊಂಬಾಳೆ ಇಲ್ಲದೆ ನಮ್ಮಲ್ಲಿ ಮದುವೆಯೂ ಇಲ್ಲ, ಪೂಜೆಯೂ ಇಲ್ಲ. ಐದು ವರ್ಷದಿಂದ ಅದರ ಮುಖ ಕಾಣದವನು ನಾನು. ಗಂಡಿನ ಹೂ ಎಂದು ಅವರು ಸಾರಿ ಸಾರಿ ಹೇಳಿದ್ದು ನನ್ನ ಕಿವಿಯಲ್ಲಿತ್ತೇ ಹೊರತು, ಈ ಕೆನೆಬಣ್ಣದ್ದೇ ಆ ಹೂ ಎಂದು ತಲೆಗೆ ಹತ್ತಲಿಲ್ಲ. ಹಣ್ಣು ಬಿಡುವುದು ಎತ್ತರದ ಮರವಲ್ಲವೇ, ಇದರಲ್ಲಿ ಕೊಯ್ದರೇನು? ಬೆಳಿಗ್ಗೆ ಎಲ್ಲರಿಗೂ ಅಚ್ಚರಿಯಾಗಲಿ ಎಂದು ಬೆಳಕು ಹರಿಯುವಾಗಲೇ ಹೋಗಿ ಮೂರನ್ನೂ ಕೊಯ್ದು ತಂದೆ. ಒಂದು ಧ್ವಜಸ್ತಂಭಕ್ಕೆ, ಎರಡು ಮುಖ್ಯ ಅತಿಥಿಯ ಮೇಜಿಗೆ. ಬಾಡಬಾರದೆಂದು ಚೆನ್ನಾಗಿ ನೀರು ಚಿಮುಕಿಸಿದೆ.

ಮುಖ್ಯ ಅತಿಥಿ ಯಾರು? ಊರಿನ ಒಬ್ಬನೇ ಮಾಜಿ ಸೈನಿಕ, ಚಾಚಾ.

ಇಸ್ತ್ರಿ ಮಾಡಿದ ಖಾಕಿ ಕೋಟು ಹಾಕಿ, ಎದೆಗೆ ಪದಕ ಸಿಕ್ಕಿಸಿಕೊಂಡು ಬಂದರು. ಗೇಟಿನಲ್ಲಿ ಒಂದು ಹೆಜ್ಜೆ ನಿಂತರು. ನಾನು ಹಲ್ಲು ಕಿರಿದು, “ಹೆಂಗೈತೆ ಚಾಚಾ, ನಮ್ ನ್ಯಾಮತಿ ಸ್ಟೈಲು?” ಎಂದೆ. ಅವರು ನೆಟ್ಟಗೆ ನಡೆದು ಬಂದು ಹಗ್ಗ ಎಳೆದು ಬಾವುಟ ಬಿಚ್ಚಿದರು, ಸೆಲ್ಯೂಟ್ ಹೊಡೆದರು, ರಾಷ್ಟ್ರಗೀತೆ ಮುಗಿಯುವವರೆಗೆ ಅಲ್ಲಾಡಲಿಲ್ಲ. ಎಲ್ಲರೂ ಮಂಡಕ್ಕಿ ತೆಗೆದುಕೊಂಡು ಹೋದ ಮೇಲೆ ಮೇಜಿನ ಹತ್ತಿರ ಬಂದು ಒಂದು ಎಸಳನ್ನು ಬೆರಳಲ್ಲಿ ಉಜ್ಜಿದರು. ಒದ್ದೆಯಾದ ಹೂವಿನ ಹಿಟ್ಟು, ಪರಾಗ, ಬೆರಳಿಗೆ ಮೆತ್ತಿಕೊಂಡಿತು.

“ಮೂರೂ ಕೊಯ್ದ್ರಾ ಮೇಷ್ಟ್ರೇ?”

“ಹೂಂ.”

“ನೀರು ಹಾಕೀರಾ?”

“ಹೂಂ, ಬಾಡಬಾರ್ದು ಅಂತ...”

“ಒಣ ಹಿಟ್ಟಿದ್ರೆ ನಡೀತಿತ್ತು. ನೀರು ಬಿದ್ದ ಹಿಟ್ಟು ಸತ್ತಂಗೆ.” ಬೆರಳನ್ನು ಕೋಟಿಗೆ ಒರೆಸಿಕೊಂಡರು. “ಇದೇ ರೀ ಗಂಡು.”

ಆಗ ನನ್ನ ತಲೆಗೆ ಹತ್ತಿತು.

ಮನೆಗೆ ಬಂದ ಮೇಲೆ ಬೈಯುವ ಕೆಲಸ ಮಗಳು ಮಾಡಿದಳು. “ಊರ ಹುಡುಗರಿಗೆ ಪಾಠ ಹೇಳ್ತಾರಂತೆ! ಗಂಡು ಯಾವ್ದು ಹೆಣ್ಣು ಯಾವ್ದು ಗೊತ್ತಿಲ್ಲ. ಅಡಿಕಿ ಸೀಮಿಯವ್ರಿಗೆ ಕಣ್ಣಿಗೆ ಕಂಡದ್ದೆಲ್ಲಾ ಅಡಿಕೀನೇ. ನಾಳಿ ನಮ್ಮಪ್ಪನ ಗಡ್ಡನೂ ಹೊಂಬಾಳಿ ಅಂತ ಕೊಯ್ದು ಕಟ್ರಿ ಕಂಬಕ್ಕೆ!”

“ಬಿಡವ್ವಾ. ತಿಳೀದೆ ಆತು.”

“ಅವ್ರಿಗೆ ತಿಳೀದೆ ಆತು. ನಿನ್ ಮಾತು? ಅದೇನಾತು?”

ಚಾಚಾ ಕಟ್ಟೆಯ ಮೇಲೆ ಕೂತು ಎತ್ತರದ ಮರವನ್ನೇ ನೋಡುತ್ತಿದ್ದರು. ಅದರ ಹೆಣ್ಣುಗೊನೆಗಳ ಹಾಳೆ ಇನ್ನೇನು ಬಿರಿಯುವುದರಲ್ಲಿತ್ತು. ಬಿರಿದ ಮೇಲೆ ಮೂರ್ನಾಲ್ಕು ದಿನ, ಅಷ್ಟೇ ಗಡುವು. ಅಷ್ಟರಲ್ಲಿ ಗಂಡಿನ ಹಿಟ್ಟು ಬೀಳದಿದ್ದರೆ ಆ ವರ್ಷಕ್ಕೆ ಮುಗಿಯಿತು. ಬೇರೆ ಖರ್ಜೂರದ ಗಂಡನ್ನು ಹುಡುಕುವುದಾದರೂ ಎಲ್ಲಿ?

ಉಪಾಯ ಹೇಳಿದವಳೂ ಮಗಳೇ. ಸಿಟ್ಟಿನಲ್ಲೇ ಹೇಳಿದಳು. “ಹಳ್ಳದಾಗೆ ಅಷ್ಟೊಂದು ಈಚಲು ಐತಲ್ಲ. ಅದ್ರಾಗೂ ಗಂಡು ಹೆಣ್ಣು ಅಂತಾರೆ ಹೆಂಡ ಇಳಿಸೋರು. ಅದನ್ನಾರ ತಂದು ಹಾಕಿ ನೋಡು.”

ಚಾಚಾನ ಹುಬ್ಬು ಮೇಲೆ ಹೋಯಿತು. “ಈಚಲಾ? ಅದ್ರ ಜಾತಿ ಬ್ಯಾರೆ. ಮಿಸರಿನ ಹೆಣ್ಣಿಗೆ ಹಳ್ಳದ ಗಂಡಾ?”

“ಯಾಕೆ? ನನಗೆ ಕೆರೆಬಿಳಚಿ ಸೈಕಲ್ ಶಾಪಿನೋನು ಆಗ್ತಾನೆ. ನಿನ್ ಮರಕ್ಕೆ ಬಾದಶಾನೇ ಬರ್ಬೇಕಾ?”

ಚಾಚಾ ಮಗಳನ್ನು ನೋಡಿದರು, ಮರವನ್ನು ನೋಡಿದರು, ಕಡೆಗೆ ನನ್ನನ್ನು ನೋಡಿದರು. “ಮೇಷ್ಟ್ರೇ, ಸೈಕಲ್ ಗಾಳಿ ಐತಾ?”

ನಾಲ್ಕು ಮೈಲಿ ದೂರದ ಹಳ್ಳಕ್ಕೆ ಡಬಲ್ ರೈಡ್ ಹೋದೆವು. ಹೆಂಡ ಇಳಿಸುವವನೊಬ್ಬನು ಗಂಡು ಮರ ತೋರಿಸಿಕೊಟ್ಟ. ಹತ್ತಿದವನು ನಾನು. ಈಚಲಿನ ಮುಳ್ಳು ಎಲ್ಲೆಲ್ಲಿ ಚುಚ್ಚಿತು ಎಂದು ಬರೆಯುವ ಹಾಗಿಲ್ಲ. ಒಂದು ವಾರ ಮಕ್ಕಳಿಗೆ ನಿಂತುಕೊಂಡೇ ಪಾಠ ಮಾಡಿದೆ. ಆದರೂ ಹೇಳುತ್ತೇನೆ, ನನ್ನ ಹಾಗೆ ಈಚಲು ಹತ್ತಿದ ಮೇಷ್ಟರು ಈ ಜಿಲ್ಲೆಯಲ್ಲಿ ಇನ್ನೊಬ್ಬನಿಲ್ಲ. ಕೊಯ್ದ ಗೊನೆಯನ್ನು ಚಾಚಾ ತಮ್ಮ ರುಮಾಲಿನಲ್ಲಿ ಸುತ್ತಿ, ಮಗು ಎತ್ತಿಕೊಂಡ ಹಾಗೆ ಎದೆಗಾನಿಸಿಕೊಂಡು ಕ್ಯಾರಿಯರಿನ ಮೇಲೆ ಕೂತರು. “ಮೆಲ್ಲಗೆ ತುಳೀರಿ. ಹಿಟ್ಟು ಉದುರ್ತೈತೆ” ಎಂದು ದಾರಿಯುದ್ದಕ್ಕೂ.

ಮಾರನೆಯ ದಿನ ಹೆಣ್ಣುಗೊನೆ ಬಿರಿಯಿತು. ಬಿಸಿಲೇರಿದ ಮೇಲೆ, ಗಾಳಿ ನಿಂತಾಗ, ಚಾಚಾ ಒಂದು ಹಗ್ಗದ ಪಟ್ಟಿಯನ್ನು ತಮ್ಮ ಸೊಂಟಕ್ಕೂ ಮರಕ್ಕೂ ಸೇರಿಸಿ ಕಟ್ಟಿಕೊಂಡರು. ಬಸಣ್ಣ ಹೋಟೆಲು ಬಿಟ್ಟು ಬಂದಿದ್ದ, ಊರೇ ಬಂದಿತ್ತು. “ಚಾಚಾ, ಅರವತ್ತು ವರ್ಷಕ್ಕೆ ಮಂಗನಾಟ ಬ್ಯಾಡ” ಎಂದು ಯಾರೋ ಕೂಗಿದರು.

ಅವರು ಹತ್ತಿದರು. ನಮ್ಮವರು ಮರ ತಬ್ಬಿ ಹತ್ತುತ್ತಾರೆ. ಇವರು ಹಿಂದಕ್ಕೆ ವಾಲಿ ಹಗ್ಗಕ್ಕೆ ಬೆನ್ನು ಕೊಟ್ಟು, ಎರಡು ಹೆಜ್ಜೆ ನಡೆದು, ಹಗ್ಗವನ್ನು ಒಂದು ಕುಲುಕಿಗೆ ಮೇಲಕ್ಕೆಸೆದು, ಮತ್ತೆ ಎರಡು ಹೆಜ್ಜೆ. ಗೋಡೆಯ ಮೇಲೆ ನಡೆದ ಹಾಗೆ. ತುದಿಗೆ ಹೋಗಿ ಮಂಚಕ್ಕೊರಗಿದವರಂತೆ ಹಗ್ಗದಲ್ಲಿ ಕೂತು, ಎರಡೂ ಕೈ ಬಿಟ್ಟರು. ಬಿಸ್ಮಿಲ್ಲಾ ಎಂದು ಒಂದು ಗಂಡೆಸಳು ತೆಗೆದು ಹೆಣ್ಣುಗೊನೆಯ ನಡುವೆ ತಲೆಕೆಳಗಾಗಿ ಇಟ್ಟು ನಾರಿನಿಂದ ಕಟ್ಟಿದರು. ಆಮೇಲೆ ಇನ್ನೊಂದು. ಬಾಯಲ್ಲಿ ಏನೋ ಹಾಡು, ನಮಗ್ಯಾರಿಗೂ ತಿಳಿಯದ ಮಾತಿನದು.

ಕೆಳಗೆ ಯಾರೂ ನಗಲಿಲ್ಲ. ಆ ಕಾಲುಗಳು ಎಲ್ಲೋ ಬೇರೆ ಕಡೆ ಕಲಿತು ಬಂದ ಕಾಲುಗಳು ಎಂದು ಎಂಥ ಮಂಕನಿಗೂ ಕಾಣುತ್ತಿತ್ತು. ಐದು ವರ್ಷ ಅವರ ಮಾತಿಗೆಲ್ಲ ಹೂಂಗುಟ್ಟಿದ್ದೆ. ನಂಬಿದ್ದು ಅವತ್ತು.

ಹದಿನೈದು ದಿನಕ್ಕೆ ಕಾಯಿ ನಿಂತವು. ಆಮೇಲಿನ ನಾಲ್ಕು ತಿಂಗಳು ನಾನೊಬ್ಬ ಕಾವಲುಗಾರ. ಗಿಳಿ ಓಡಿಸಿದೆ, ಅಳಿಲು ಓಡಿಸಿದೆ. ಬೇಸಿಗೆ ರಜೆಗೆ ನ್ಯಾಮತಿಗೆ ಹೋದವನು ನಾಲ್ಕೇ ದಿನಕ್ಕೆ ವಾಪಸು ಬಂದೆ. ಕಾಯಿ ಹಸಿರಿನಿಂದ ಹಳದಿಗೆ ತಿರುಗುವಾಗ ಮೋಡ ಕಟ್ಟಿತು. ಮಳೆ ಬಿದ್ದರೆ ಹಣ್ಣು ಕೊಳೆಯುತ್ತದಂತೆ. ಇಡೀ ಜಗಳೂರು ತಾಲ್ಲೂಕು ಮಳೆ ಬರಲಿ ಎಂದು ಬೇಡುತ್ತಿರುವಾಗ ಚಾಚಾ ಒಬ್ಬರೇ ಅಂಗಳದಲ್ಲಿ ನಿಂತು ಮೇಲೆ ನೋಡಿ, “ಬರ್ಲಿ, ಬೀಳ್ಲಿ. ನನ್ ಮರ ಒಂದ್ ಬಿಟ್ಟು” ಎಂದು ಚೌಕಾಸಿ ಮಾಡುತ್ತಿದ್ದರು. ನಾನು ನನ್ನ ಹೊಸಾ ಜರಿಪಂಚೆಯನ್ನೇ ಗೊನೆಗಳಿಗೆ ಸುತ್ತಿಸಿದೆ. ಆ ಪಂಚೆಯ ಕಥೆ ಮುಗಿಯಿತು, ಬಿಡಿ.

ನಿಕಾಕ್ಕೆ ಎರಡು ದಿನವಿದ್ದಾಗ ಒಂದು ಹಣ್ಣು ಕಿತ್ತು ಕಚ್ಚಿದೆ. ಹಳದಿಯೇನೋ ಆಗಿತ್ತು, ಮೆತ್ತಗಾಗಿರಲಿಲ್ಲ. ಬಾಯೆಲ್ಲ ಒಗರು. ಇನ್ನು ಹದಿನೈದು ದಿನ ಬಿಸಿಲು ಸಿಕ್ಕಿದ್ದರೆ ಬೇರೆ ಮಾತು. ನನ್ನ ಹಳೇ ಬುದ್ಧಿ ಎದ್ದು ಕೂತಿತು. ಹಿಂದೆ ಮುಂದೆ ನೋಡದೆ ದಾವಣಗೆರೆಗೆ ಹೋಗಿ ಒಳ್ಳೇ ಮೆತ್ತನೆಯ ಖರ್ಜೂರ ಎರಡು ಕಿಲೋ ತಂದೆ.

“ಚಾಚಾ, ಇವನ್ನ ಮೇಲೆ, ನಿಮ್ಮವನ್ನ ಕೆಳಗೆ. ತಟ್ಟೆ ಒಂದೇ. ಯಾರಿಗ್ ತಿಳೀತೈತೆ? ಈ ಕೆಲಸದಾಗೆ ನನಗಿಂತಾ ಹುಷಾರು ಯಾರೂ ಇಲ್ಲ.”

ಅವರು ಪೊಟ್ಟಣ ಮುಟ್ಟಲಿಲ್ಲ. “ಮೂವತ್ತು ವರ್ಷ ಸುಳ್ಳಪ್ಪ ಅನ್ನಿಸ್ಕೊಂಡೀನ್ರೀ. ಒಂದಾರ ಸುಳ್ಳು ಹೇಳಿದ್ರೆ ಆ ಹೆಸರು ಹೊಂದ್ತಿತ್ತು. ಹೇಳಿಲ್ಲ. ಈಗ ಸುರು ಮಾಡ್ಲಾ?”

ನಿಕಾ ಮುಗಿಯಿತು. ಚಪ್ಪರದ ಕೆಳಗೆ ಚಾಚಾ ತಾವೇ ತಟ್ಟೆ ಹಿಡಿದು ಹೊರಟರು. ಹಳದಿ ಹಳದಿ ಹಣ್ಣು. ಮೊದಲು ಕೆರೆಬಿಳಚಿಯ ಮಾವನ ಮುಂದೆ.

“ನಮ್ ಮರದ್ದು. ಪೂರಾ ಹಣ್ಣಾಗಿಲ್ಲ, ಒಗರೈತೆ. ಹೇಳೇ ಕೊಡ್ತೀನಿ.”

ಮಾವ ಕಚ್ಚಿದರು. ಮುಖ ಒಂದು ಸಲ ಗಂಟಿಕ್ಕಿತು. ಬೀಜ ಅಂಗೈಗೆ ತೆಗೆದು ತಿರುಗಿಸಿ ನೋಡಿದರು. ಚಪ್ಪರವೆಲ್ಲ ಅವರ ಬಾಯನ್ನೇ ನೋಡುತ್ತಿತ್ತು.

“ಒಗರೇ” ಎಂದರು. ಆಮೇಲೆ ತಟ್ಟೆಗೆ ಕೈ ಹಾಕಿ ಇನ್ನೊಂದು ತೆಗೆದುಕೊಂಡರು. “ಆದ್ರೆ ಖರ್ಜೂರನೇ ಐತೆ. ನಾನ್ ಅವತ್ತು ಅಂ​ದ ಮಾತು ವಾಪಸ್ ತಗಂತೀನಿ ಬೀಗರೇ.”

ಬಸಣ್ಣ ನಾಲ್ಕು ತಿಂದ. ಎಂಜಲು ಬೀಜವನ್ನು ಜೇಬಿಗಿಟ್ಟುಕೊಳ್ಳುವಾಗ ನನ್ನ ಕಣ್ಣಿಗೆ ಬಿದ್ದು ನಾಚಿಕೊಂಡ.

ಕಡೆಯ ಹಣ್ಣನ್ನು ಚಾಚಾ ಮದುಮಗಳಿಗೆ ಇಟ್ಟಿದ್ದರು. ಒಳಮನೆಯ ಬಾಗಿಲಿಗೆ ಕಟ್ಟಿದ ಪರದೆಯ ಸಂದಿಯಿಂದ ಕೈ ಹಾಕಿ ಕೊಟ್ಟರು. ನಾನು ಪಕ್ಕದಲ್ಲೇ ಖಾಲಿ ತಟ್ಟೆ ಹಿಡಿದು ನಿಂತಿದ್ದೆ. ಒಳಗೆ ಕಚ್ಚಿದ ಸದ್ದು ಕರಕ್ ಎಂದು ಕೇಳಿತು. ಅವಳ ನಾಲಿಗೆ ಎಂಥದೆಂದು ನನಗೆ ಗೊತ್ತು. ಬೈಗುಳಕ್ಕೆ ಕಿವಿ ಸಿದ್ಧ ಮಾಡಿಕೊಂಡೆ.

“ಅಪ್ಪಾ” ಎಂದಳು. “ಸಕ್ಕರಿ ಇದ್ದಂಗೈತೆ.”

ಚಾಚಾ ಪರದೆ ಹಿಡಿದು ಹಾಗೇ ನಿಂತರು. ಕೋಟಿನ ತೋಳನ್ನು ಒಂದು ಸಲ ಕಣ್ಣಿಗೆಳೆದುಕೊಂಡು ನನ್ನ ಕಡೆ ತಿರುಗಿದರು. ಗಡ್ಡದ ತುಂಬಾ ನಗು.

“ಕೇಳಿದ್ರೇನ್ರಿ ಮೇಷ್ಟ್ರೇ? ನನ್ ಮಗಳು ಸುಳ್ಳು ಹೇಳಾಕೆ ಕಲಿತ್ಲು. ಇನ್ನೇನು ಚಿಂತಿ ಇಲ್ಲ ಬಿಡ್ರಿ, ಅತ್ತೆ ಮನಿಯಾಗೆ ಬಾಳ್ವೆ ಮಾಡ್ತಾಳೆ.”